ಹೆಸರಿಗಿಂತ ಅಂಕಿ, ಅಂಕಿಗಿಂತ ಅಳತೆ

ಹಳೆಯ ಜೀಪನ್ನೋ ಅಂಬಾಸಡರನ್ನೋ ಮತ್ತೆ ರಸ್ತೆಗಿಳಿಸಲು ಹೊರಟವರು ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬೊರೇಟರ್ ಕೈಗೆ ಸಿಕ್ಕ ಕೂಡಲೇ ಅದರ ಮೈಮೇಲಿನ ಹೆಸರು ಹುಡುಕುತ್ತಾರೆ. ಸೋಲೆಕ್ಸ್ ಎಂದಿದ್ದರೆ ಸೋಲೆಕ್ಸ್, ಕಾರ್ಟರ್ ಎಂದಿದ್ದರೆ ಕಾರ್ಟರ್. ಅಲ್ಲಿಗೆ ಗುರುತು ಸಿಕ್ಕಿತು ಎಂದು ಸಮಾಧಾನಪಡುತ್ತಾರೆ. ಚಿಕ್ಕೋಡಿ, ರಾಯಬಾಗ, ಅಥಣಿ ಸೀಮೆಯಲ್ಲಿ ಈ ಸಮಾಧಾನಕ್ಕೆ ಬುಡವಿಲ್ಲ. ನಿಪ್ಪಾಣಿಗೆ ಬೆಳಗಾವಿಗಿಂತ ಕೊಲ್ಹಾಪುರ ಹತ್ತಿರ. ಕಾಗವಾಡಕ್ಕೆ ಮಿರಜ್ ಮಗ್ಗುಲಲ್ಲೇ ಇದೆ. ಬಿಡಿಭಾಗ ಕರ್ನಾಟಕ, ಮಹಾರಾಷ್ಟ್ರ ಎರಡೂ ರಾಜ್ಯಗಳ ಗುಜರಿಯಿಂದ ಬರುತ್ತದೆ. ಸಿಗದಿದ್ದರೆ ಲೇತಿನಲ್ಲಿ ತಿರುವಿ ಮಾಡಿಕೊಡಬಲ್ಲ ಕೈಗಳು ಕೊಲ್ಹಾಪುರದಲ್ಲೂ ಇವೆ, ಬೆಳಗಾವಿಯ ಉದ್ಯಮಬಾಗದಲ್ಲೂ ಇವೆ. ಇಂಥ ಕಡೆ ದಶಕಗಟ್ಟಲೆ ದುಡಿದ ಕಾರ್ಬೊರೇಟರಿನ ಬಾಡಿ ಒಂದು ಗಾಡಿಯದು, ಮುಚ್ಚಳ ಇನ್ನೊಂದರದು, ಒಳಗಿನ ಹಿತ್ತಾಳೆ ಮೂರನೆಯದರದು ಆಗಿರುವುದು ಹೊಸತೇನಲ್ಲ. ಹಾಗಾಗಿ ನನ್ನ ವಾದ ಇಷ್ಟು: ಗುರುತು ಹಿಡಿಯುವಾಗ ಹೆಸರಿಗಿಂತ ಅಂಕಿಯನ್ನು, ಅಂಕಿಗಿಂತ ಅಳತೆಯನ್ನು ನಂಬಬೇಕು.

ಹೆಸರು ಯಾಕೆ ಸಾಲದು ಎಂಬುದಕ್ಕೆ ಜೀಪೇ ಸಾಕ್ಷಿ. ಎರಡನೆಯ ಮಹಾಯುದ್ಧ ಕಾಲದ ವಿಲ್ಲಿಸ್ ಜೀಪಿಗೆ ಬಂದದ್ದು ಕಾರ್ಟರ್ ಕಂಪನಿಯ ಡಬ್ಲ್ಯುಒ 539ಎಸ್. ಆ ಸಂಖ್ಯೆ ಇದ್ದದ್ದು ಮುಚ್ಚಳದ ಸ್ಕ್ರೂ ಕೆಳಗೆ ಸಿಕ್ಕಿಸಿದ ಸಣ್ಣ ಹಿತ್ತಾಳೆ ತಗಡಿನ ಮೇಲೆ. ಮುಚ್ಚಳ ಬಿಚ್ಚಿದ ಮೊದಲ ಮಿಸ್ತ್ರಿಯ ಕೈಯಲ್ಲೇ ತಗಡು ಕಳೆದುಹೋಗುತ್ತದೆ, ಇಲ್ಲವೇ ಬೇರೆ ಬಾಡಿಯ ಮೇಲೆ ಹೋಗಿ ಕೂರುತ್ತದೆ. ಮುಂದೆ ಮಹೀಂದ್ರ ಜೀಪುಗಳಲ್ಲಿ ಸೋಲೆಕ್ಸ್ ಬಂತು. ಅದರ ಮೇಲೆ 32 ಪಿಬಿಐಸಿ ಎಂದಿದ್ದರೆ ಥ್ರಾಟಲ್ ಇರುವ ಕೊಳವೆಯ ವ್ಯಾಸ 32 ಮಿಲಿಮೀಟರ್ ಎಂದಷ್ಟೇ ತಿಳಿಯುತ್ತದೆ, ಎಂಜಿನ್ ಯಾವುದೆಂದು ತಿಳಿಯುವುದಿಲ್ಲ. ಅದನ್ನು ಹೇಳುವುದು ಒಳಗಿನ ವೆಂಚುರಿ (ಗಾಳಿಯ ದಾರಿ ಕಿರಿದಾಗುವ ಭಾಗ) ಮತ್ತು ಪೆಟ್ರೋಲನ್ನು ಅಳೆದು ಬಿಡುವ ಜೆಟ್‌ಗಳು. ಜೀಪಿನ 2.2 ಲೀಟರ್ ಎಂಜಿನ್ ಅಷ್ಟೇ ಸುತ್ತಿಗೆ 1.1 ಲೀಟರ್ ಫಿಯೆಟ್‌ಗಿಂತ ಎರಡರಷ್ಟು ಗಾಳಿ ಎಳೆಯುತ್ತದೆ. ಕಾರ್ಬೊರೇಟರ್ ಹೊರಗೆ ಒಂದೇ ಅಚ್ಚಿನಂತೆ ಕಂಡರೂ ಒಂದಕ್ಕೆ ಹೊಂದಿಸಿದ್ದು ಇನ್ನೊಂದಕ್ಕೆ ಒಗ್ಗದು. ಹಳೆಯ ಅಂಬಾಸಡರುಗಳ ಎಸ್‌ಯು ಕಾರ್ಬೊರೇಟರಿನ ಲೆಕ್ಕವೇ ಬೇರೆ. ಅಲ್ಲಿ ಎಚ್‌ಎಸ್ 2 ಎಂದರೆ ಕೊಳವೆಯ ವ್ಯಾಸ ಒಂದು ಇಂಚಿನ ಮೇಲೆ ಎರಡು ಎಂಟನೇ ಭಾಗ, ಅಂದರೆ ಒಂದೂಕಾಲು ಇಂಚು. ಎಚ್‌ಎಸ್ 4 ಎಂದರೆ ಒಂದೂವರೆ. ಫ್ಲೋಟ್ ಬಟ್ಟಲಿನಿಂದ ಜೆಟ್ಟಿಗೆ ಬಳುಕುವ ನೈಲಾನ್ ನಳಿಕೆ ಇದ್ದರೆ ಅದು ಎಚ್‌ಎಸ್, ಇಲ್ಲದಿದ್ದರೆ ಸಾಮಾನ್ಯವಾಗಿ ಹಳೆಯ ಎಚ್. ಜೆಟ್ಟಿನೊಳಗೆ ಇಳಿಯುವ ಸೂಜಿಯ ಬುಡದಲ್ಲಿ ಅಕ್ಷರ ಕೊರೆದಿರುತ್ತದೆ. ಪಿಸ್ಟನ್ ಸ್ಪ್ರಿಂಗಿನ ತುದಿಗೆ ಬಳಿದ ಬಣ್ಣದಲ್ಲೂ ಅರ್ಥವಿದೆ: ಕೆಂಪು ನಾಲ್ಕೂವರೆ ಔನ್ಸ್, ಹಳದಿ ಎಂಟು.

ಆದರೆ ಅಂಕಿಯೂ ಕೊನೆಯ ಮಾತಲ್ಲ. ಸೋಲೆಕ್ಸಿನ ಮೇನ್ ಜೆಟ್ ಮೇಲೆ 120 ಎಂದಿದ್ದರೆ ಅದರ ತೂತು ಸುಮಾರು 1.20 ಮಿಲಿಮೀಟರ್ ಎಂದು ಲೆಕ್ಕ. ಕಸ ಕೂತಾಗ ತಂತಿ ತೂರಿಸಿ ತಿರುವಿದರೆ ಮೆತ್ತನೆಯ ಹಿತ್ತಾಳೆ ಸವೆಯುತ್ತದೆ; ಮೈಲೇಜಿನ ಆಸೆಗೆ ಬೆಸುಗೆ ತುಂಬಿ ಮತ್ತೆ ಕೊರೆದ ಜೆಟ್‌ಗಳೂ ಉಂಟು. ಅಂಕಿ ಮಾತ್ರ ಹಾಗೆಯೇ ಉಳಿದಿರುತ್ತದೆ. ಭೂತಗನ್ನಡಿ ಹಿಡಿದು ಬೆಳಕಿಗೆ ಎತ್ತಿದರೆ ಕಾರ್ಖಾನೆಯ ತೂತಿನ ಅಂಚು ಗುಂಡಗೆ, ಒಂದೇ ಬಣ್ಣದಲ್ಲಿರುತ್ತದೆ. ಕೆದಕಿದ್ದರಲ್ಲಿ ಉದ್ದುದ್ದ ಹೊಳೆವ ಗೀರು, ಬೆಸುಗೆಯದಾದರೆ ಬೂದು ಬಳೆ. ತಿಳಿದ ದಪ್ಪದ ಡ್ರಿಲ್ಲಿನ ಹಿಂಬದಿ ತೂರಿಸಿದರೆ ಉಳಿದದ್ದೂ ಬಯಲಾಗುತ್ತದೆ. 1.20 ಇದ್ದದ್ದು 1.30 ಆದರೆ ಸಾಸಿವೆಯಷ್ಟೂ ವ್ಯತ್ಯಾಸ ಕಾಣದು. ತೂತಿನ ವಿಸ್ತೀರ್ಣ ಮಾತ್ರ ಶೇ. 17ರಷ್ಟು ಹಿಗ್ಗಿರುತ್ತದೆ. ಕಪ್ಪು ಹೊಗೆಗೆ ಅಷ್ಟು ಸಾಕು. ಎಸ್‌ಯು ಪಿಸ್ಟನ್ನಿಗೂ ಇದೇ ಮಾತು: ಪಿಸ್ಟನ್ ಮತ್ತು ಅದರ ಗಂಟೆಯಾಕಾರದ ಮುಚ್ಚಳ ಜೋಡಿಯಾಗಿಯೇ ಹೊಂದಿಸಿದವು. ಎರಡೂ ಅಸಲಿಯೇ ಆಗಿದ್ದರೂ ಬೇರೆ ಬೇರೆ ಕಡೆಯಿಂದ ಕೂಡಿಸಿದ್ದಾದರೆ ಅದು ಸರಿಯಾದ ಜೋಡಿಯಲ್ಲ.

ಇದಕ್ಕೆಲ್ಲ ಎದುರಾಗುವ ಮೊದಲ ಆಕ್ಷೇಪ: ಗಾಡಿ ಓಡಿದರಾಯಿತು, ಹೊಸ ರಿಪೇರಿ ಕಿಟ್ ಹಾಕಿದರೆ ಮುಗಿಯಿತಲ್ಲ? ಕಿಟ್ ಮಾಡುವವರು ಒಂದೇ ಪೊಟ್ಟಣ ಹಲವು ಮಾದರಿಗೆ ಆಗಲೆಂದು ಮಾಡುತ್ತಾರೆ; ಯಾವ ವಾಷರ್, ಯಾವ ಜೆಟ್ ನಿಮ್ಮದೆಂದು ಆರಿಸಲು ಕೈಯಲ್ಲಿರುವುದು ಏನೆಂದು ಮೊದಲು ಗೊತ್ತಿರಬೇಕು. ಎರಡನೆಯ ಆಕ್ಷೇಪ ಇನ್ನೂ ಗಟ್ಟಿ. ಕಾರ್ಖಾನೆಯ ಅಂಕಿ ಅಂದಿನ ಪೆಟ್ರೋಲಿಗೆ ಬರೆದದ್ದು; ಇಂದಿನ ಪೆಟ್ರೋಲೇ ಬೇರೆ ಎನ್ನುತ್ತಾರೆ. ನಿಜ. 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ ಚಾಲನೆ ಪಡೆದ ಇ20 ಇಂಧನದಲ್ಲಿ ಶೇ. 20 ಎಥನಾಲ್. ದಶಕಗಳ ಹಿಂದೆಯೇ ಉಗಾರದಲ್ಲಿ ಸಕ್ಕರೆ ಕಾರ್ಖಾನೆ ಕಂಡ ಈ ಕಬ್ಬಿನ ಸೀಮೆಗೆ ಕಬ್ಬಿನಿಂದಲೂ ತೆಗೆಯುವ ಎಥನಾಲ್ ಪರಕೀಯವಲ್ಲ, ಆದರೆ ಇಲ್ಲಿನ ಹಳೆಯ ಗಾಡಿಗೆ ಪರಕೀಯ. ಅಷ್ಟೇ ಗಾಳಿಗೆ ಇ20 ಬರಿಯ ಪೆಟ್ರೋಲಿಗಿಂತ ತೂಕದಲ್ಲಿ ಸುಮಾರು ಶೇ. 8 ಹೆಚ್ಚು ಬೇಕು. ಹಳೆಯ ರಬ್ಬರನ್ನು ಕೆಡಿಸುತ್ತದೆ, ನೀರು ಹೀರಿ ಸತುವಿನ ಬಾಡಿಗೆ ತುಕ್ಕು ತರುತ್ತದೆ. ಆದರೆ ಈ ಆಕ್ಷೇಪ ನನ್ನ ವಾದಕ್ಕೇ ಬಲ ಕೊಡುತ್ತದೆ. ಮೇನ್ ಜೆಟ್ 120ರಿಂದ 125ಕ್ಕೆ ಏರಿದರೆ ತೂತಿನ ವಿಸ್ತೀರ್ಣ ಶೇ. 8.5 ಹೆಚ್ಚುತ್ತದೆ, ಸರಿಸುಮಾರು ಬೇಕಾದಷ್ಟೇ. ಆದರೆ ಈಗಿರುವುದು ನಿಜವಾಗಿಯೂ 120 ಎಂದು ಅಳೆದು ತಿಳಿದವನಿಗೆ ಮಾತ್ರ ಈ ಲೆಕ್ಕ ಉಪಯೋಗಕ್ಕೆ ಬಂದೀತು.

ಇನ್ನು ಕೆಲವರು, ಮಿಸ್ತ್ರಿ ಮಾಡಿದ ಬದಲಾವಣೆಯೂ ಗಾಡಿಯ ಚರಿತ್ರೆಯೇ, ಅದನ್ನು ಕಿತ್ತೆಸೆಯುವುದೇಕೆ ಎನ್ನುತ್ತಾರೆ. ಕಿತ್ತೆಸೆಯಬೇಕಿಲ್ಲ. ವಿಲ್ಲಿಸ್ ಜೀಪಿನ ಮೇಲೆ ಕೂತ ಸೋಲೆಕ್ಸ್ ಆ ಗಾಡಿ ಇಲ್ಲಿ ಬದುಕಿದ ರೀತಿಗೆ ದಾಖಲೆ. ಗುರುತು ಹಿಡಿಯುವುದು ಬೇರೆ, ಮೂಲಕ್ಕೆ ಮರಳಿಸುವುದು ಬೇರೆ. ಮೊದಲನೆಯದು ಕಡ್ಡಾಯ, ಎರಡನೆಯದು ಮಾಲೀಕರ ಇಷ್ಟ. ಆದ್ದರಿಂದ ಬಿಚ್ಚುವ ಮೊದಲು ಫೋಟೊ ತೆಗೆಯಿರಿ, ತೊಳೆಯುವ ಮೊದಲು ಅಂಕಿ ಬರೆದುಕೊಳ್ಳಿ, ಕೊಳ್ಳುವ ಮೊದಲು ತೂತು ಅಳೆಯಿರಿ. ಹೆಸರು ನೋಡಿ ಬೆಲೆ ಹೇಳುವ ಗುಜರಿಯವನ ಎದುರು ಅಳತೆ ತಿಳಿದ ಗಿರಾಕಿಗೇ ಚೌಕಾಸಿ ಮಾಡುವ ಹಕ್ಕು.