ಎತ್ತು ಉತ್ತ ಜೋಳ, ಜೇನ್ನೊಣ ಮುಟ್ಟಿದ ಲಿಂಬೆ: ವೀಗನ್ ಊಟದ ಗೆರೆ ಎಲ್ಲಿ?

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಕಡೆ ದಿನನಿತ್ಯ ಉಣ್ಣುವ ಊಟದಲ್ಲಿ ಪ್ರಾಣಿಮೂಲದ ಪದಾರ್ಥ ಬಹಳ ಕಡಿಮೆ. ಬಿಳಿಜೋಳದ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಅಗಸಿ ಹಿಂಡಿ, ಪುಂಡಿಪಲ್ಲೆ, ಎಣ್ಣೆಗಾಯಿ, ಮಡಕಿ ಕಾಳು, ತೊಗರಿ ಬ್ಯಾಳಿ, ಕಡಿದುಕೊಳ್ಳಲು ಉಳ್ಳಾಗಡ್ಡಿ. ರೊಟ್ಟಿಯ ಮೇಲಿನ ಬೆಣ್ಣೆ, ಬಟ್ಟಲಿನ ಮೊಸರು, ಹೋಳಿಗೆಯ ತುಪ್ಪ ಬಿಟ್ಟರೆ ಉಳಿದದ್ದೆಲ್ಲ ಹೊಲದ್ದು. ಹಾಲಿನ ಪದಾರ್ಥ ವೀಗನ್ ಊಟಕ್ಕೆ ಸಲ್ಲದು, ಅಲ್ಲಿ ವಾದವೇ ಇಲ್ಲ. ವಾದ ಏಳುವುದು ಹೊಲದಿಂದ ಬಂದದ್ದರ ಬಗ್ಗೆ. ಎತ್ತು ಉತ್ತು ಬೆಳೆದ ಜೋಳ, ಜೇನ್ನೊಣ ಮುಟ್ಟಿದ ಲಿಂಬೆ, ಒಳಗೆ ಕೀಟ ಸತ್ತಿರಬಹುದಾದ ಅಂಜೂರ, ಎಲುಬಿನ ಇದ್ದಿಲಿನಲ್ಲಿ ಸೋಸಿದ್ದೆಂಬ ಅನುಮಾನದ ಸಕ್ಕರೆ ವೀಗನ್ ಊಟಕ್ಕೆ ಸಲ್ಲುತ್ತವೆಯೇ? ಈ ಪ್ರಶ್ನೆಯನ್ನು ಹಗುರಾಗಿ ತಳ್ಳಿಹಾಕಬಾರದು. ಆದರೆ ಇದಕ್ಕೆ ಮಡಿಯ ಲೆಕ್ಕದಲ್ಲಿ ಉತ್ತರ ಹುಡುಕಿದರೆ ದಾರಿ ತಪ್ಪುತ್ತೇವೆ.

ಮೊದಲು ಅಳತೆಗೋಲನ್ನು ನೋಡೋಣ. ಡೊನಾಲ್ಡ್ ವಾಟ್ಸನ್ ಮತ್ತು ಗೆಳೆಯರು 1944ರಲ್ಲಿ ಇಂಗ್ಲೆಂಡಿನಲ್ಲಿ ಕಟ್ಟಿದ ವೀಗನ್ ಸೊಸೈಟಿ, ಪ್ರಾಣಿಯ ಶೋಷಣೆ ಮತ್ತು ಹಿಂಸೆಯನ್ನು ಕೈಲಾದ ಮಟ್ಟಿಗೆ ದೂರವಿಡಬೇಕು ಎನ್ನುತ್ತದೆ. ಕೈಲಾದ ಮಟ್ಟಿಗೆ ಎಂಬ ಆ ಷರತ್ತಿನಲ್ಲೇ ಇಡೀ ತತ್ವದ ವಿವೇಕವಿದೆ. ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರ 2022ರಲ್ಲಿ ವೀಗನ್ ಆಹಾರಕ್ಕೆಂದೇ ನಿಯಮ ಮಾಡಿತು. ಪದಾರ್ಥದಲ್ಲಾಗಲಿ, ಅದನ್ನು ತಯಾರಿಸಲು ಬಳಸುವ ಸಾಮಗ್ರಿಯಲ್ಲಾಗಲಿ ಪ್ರಾಣಿಮೂಲದ್ದು ಇರಕೂಡದು ಎಂಬುದು ಅದರ ತಿರುಳು. ಕಾನೂನು ಕೇಳುವುದು ಪೊಟ್ಟಣದೊಳಗೆ ಏನು ಸೇರಿತು ಎಂದು, ತತ್ವ ಕೇಳುವುದು ಪ್ರಾಣಿಗೆ ಏನಾಯಿತು ಎಂದು. ಎರಡನ್ನೂ ಕೇಳಬೇಕು. ಜೊತೆಗೆ ಮೂರನೆಯದೂ ಬೇಕು: ಉಣ್ಣುವವನ ಕೈಯಲ್ಲಿ ಬೇರೆ ಆಯ್ಕೆ ಇದೆಯೇ?

ಜೋಳದಿಂದ ಆರಂಭಿಸುವುದು ನ್ಯಾಯ. ಎರಿ ಹೊಲದ ಹಿಂಗಾರಿ ಜೋಳ, ಅದರಲ್ಲೂ ಮಾಲದಂಡಿ, ಮಣ್ಣಲ್ಲಿ ಉಳಿದ ತೇವವನ್ನೇ ಕುಡಿದು ಬೆಳೆಯುತ್ತದೆ. ಇದನ್ನು ತಲೆಮಾರುಗಳಿಂದ ಬೆಳೆದದ್ದು ಎತ್ತಿನ ಬಲದಿಂದ. ಕೂರಿಗೆ, ಎಡೆಕುಂಟಿ, ತಿಪ್ಪೆಗೊಬ್ಬರ ಎಲ್ಲದರಲ್ಲೂ ದನದ ಪಾಲಿದೆ. ಕಟ್ಟುನಿಟ್ಟಿನ ವೀಗನ್ನರ ಆಕ್ಷೇಪದಲ್ಲಿ ಸತ್ಯವಿದೆ. ಮೂಗುದಾರ, ಬಾರುಕೋಲು, ಹೋರಿಯ ಬೀಜ ಒಡೆಯುವುದು, ದುಡಿಯಲಾರದ ಎತ್ತನ್ನು ಸಂತೆಗೆ ಹೊಡೆಯುವುದು, ಇವು ಕಟ್ಟುಕತೆಯಲ್ಲ. ಕಾರ ಹುಣ್ಣಿಮೆಯ ದಿನ ಕೊಂಬಿಗೆ ಬಣ್ಣ ಬಳಿದು ಹೋಳಿಗೆ ತಿನ್ನಿಸಿದರೆ ಮುದಿ ಎತ್ತಿನ ಪ್ರಶ್ನೆಗೆ ಉತ್ತರ ಕೊಟ್ಟಂತಾಗುವುದಿಲ್ಲ. ಆದರೂ ಜೋಳವನ್ನು ಬಿಡಬೇಕೆಂಬ ತೀರ್ಮಾನ ನಿಲ್ಲುವುದಿಲ್ಲ. ಎತ್ತಿನ ಹೊಲದ ಜೋಳ ಯಾವುದು, ಟ್ರ್ಯಾಕ್ಟರ್ ಉತ್ತ ಹೊಲದ್ದು ಯಾವುದು ಎಂದು ಚೀಲ ನೋಡಿ ಹೇಳಲಾಗದು. ಅಕ್ಕಿ, ಗೋಧಿ, ತರಕಾರಿಗೂ ಇದೇ ಮಾತು ಅನ್ವಯಿಸುತ್ತದೆ. ರೊಟ್ಟಿ ಬಿಟ್ಟವನು ಇನ್ನೊಂದು ಹೊಲದ ಎತ್ತಿನ ದುಡಿಮೆಯನ್ನೇ ಉಣ್ಣುತ್ತಾನೆ. ಜೋಳ ಸಲ್ಲುತ್ತದೆ. ಎತ್ತಿನ ಬಾಳ್ವೆಯನ್ನು ಸುಧಾರಿಸುವ ಕೆಲಸ ಹೊಲದಲ್ಲಿ, ಸಂತೆಯಲ್ಲಿ ಆಗಬೇಕಾದದ್ದು.

ಇಂಡಿಯ ಲಿಂಬೆಯದು ಇದಕ್ಕಿಂತ ಸುಲಭದ ಪ್ರಕರಣ. ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಹಣ್ಣು ಅದು, ರಾಜ್ಯದ ಲಿಂಬೆ ಅಭಿವೃದ್ಧಿ ಮಂಡಳಿ ಇರುವುದೂ ಇಂಡಿಯಲ್ಲೇ. ಲಿಂಬೆಯ ಹೂವಿಗೆ ಜೇನ್ನೊಣ ಬರುತ್ತದೆ, ತೊಗರಿಗೂ ಸೂರ್ಯಕಾಂತಿಗೂ ಬರುತ್ತದೆ. ತಾನಾಗಿ ಬಂದು, ತನಗೆ ಬೇಕಾದದ್ದನ್ನು ಹೀರಿ, ತನ್ನ ಗೂಡಿಗೆ ಮರಳುವ ನೊಣದ ಮೇಲೆ ಇಲ್ಲಿ ಯಾವ ಬಲವಂತವೂ ಇಲ್ಲ. ಅದರ ತುಪ್ಪವನ್ನು ಕಿತ್ತುಕೊಂಡಾಗ ಮಾತು ಬೇರೆ, ಆದ್ದರಿಂದ ಜೇನುತುಪ್ಪ ವೀಗನ್ ಅಲ್ಲ, ಲಿಂಬೆ ವೀಗನ್.

ನೊಣದ ವಿಷಯದಲ್ಲಿ ನಿಜಕ್ಕೂ ಪರೀಕ್ಷೆಗೆ ಒಳಗಾಗಬೇಕಾದದ್ದು ಬಾದಾಮಿ ಹಾಲು. ನಮ್ಮ ದೇಶಕ್ಕೆ ಬರುವ ಬಾದಾಮಿಯ ಬಹುಭಾಗ ಅಮೆರಿಕದ ಕ್ಯಾಲಿಫೋರ್ನಿಯಾದ್ದು. ಅಲ್ಲಿ ಪ್ರತಿ ಫೆಬ್ರುವರಿಯಲ್ಲಿ ಬಾದಾಮಿ ತೋಟಗಳು ಹೂಬಿಟ್ಟಾಗ, ಆ ದೇಶದ ಸಾಕು ಜೇನುಗೂಡುಗಳಲ್ಲಿ ಬಹುಪಾಲನ್ನು ಲಾರಿಗಳಲ್ಲಿ ಹೇರಿ ದೂರದೂರದಿಂದ ತಂದಿಳಿಸುತ್ತಾರೆ. ನೊಣಗಳನ್ನು ದುಡಿಮೆಗೆ ಹಚ್ಚುವ ದೊಡ್ಡ ಉದ್ಯಮ ಅದು. ಆ ಹಾಲು ನಗರದ ಅಂಗಡಿಗಳಲ್ಲಿ ವೀಗನ್ ಮುದ್ರೆ ಹೊತ್ತು ನಿಲ್ಲುತ್ತದೆ. ಇತ್ತ ನಮ್ಮ ಸೀಮೆಯಲ್ಲಿ ಕುಸುಬಿ ಕಾಳನ್ನು ನೆನೆಸಿ, ರುಬ್ಬಿ, ಬಟ್ಟೆಯಲ್ಲಿ ಹಿಂಡಿ ಹಾಲು ತೆಗೆದು, ಗೋಧಿ ಮತ್ತು ಬೆಲ್ಲದ ಜೊತೆ ಕುದಿಸಿ ಹುಗ್ಗಿ ಮಾಡುವ ಪದ್ಧತಿ ಮೊದಲಿನಿಂದಲೂ ಇದೆ. ಒಂದೇ ಅಳತೆಗೋಲಿನಲ್ಲಿ ಎರಡನ್ನೂ ಅಳೆದರೆ ಕುಸುಬಿ ಹಾಲಿನದೇ ಮೇಲುಗೈ. ಅದನ್ನು ಮರೆತು, ಸಮುದ್ರ ದಾಟಿ ಬಂದ ಹಾಲನ್ನು ಅಹಿಂಸೆಯ ಗುರುತೆಂದು ಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ.

ಅಂಜೂರದ ಕುರಿತ ಅಂಜಿಕೆಗೆ ಕಾರಣ ಅದರ ಸಸ್ಯಶಾಸ್ತ್ರ. ಅತ್ತಿಯ ಜಾತಿಯ ಮರಗಳಲ್ಲಿ ಹೂವು ಕಾಯಿಯ ಒಳಗೇ ಅರಳುತ್ತದೆ. ಪುಟ್ಟ ಕಣಜವೊಂದು ಒಳಹೊಕ್ಕು ಪರಾಗ ಮುಟ್ಟಿಸಿ, ಅಲ್ಲೇ ಮೊಟ್ಟೆಯಿಟ್ಟು ಸಾಯುತ್ತದೆ. ಆದರೆ ನಮ್ಮ ಕಡೆ ಬೆಳೆಯುವ ಪೂನಾ ಅಂಜೂರಕ್ಕೆ ಪರಾಗಸ್ಪರ್ಶವೇ ಬೇಕಿಲ್ಲ, ಕಣಜವಿಲ್ಲದೆಯೇ ಅದು ಹಣ್ಣಾಗುತ್ತದೆ. ಹೊಲದ ಬದುವಿನ ಅತ್ತಿಹಣ್ಣಿನಲ್ಲಿ ಕಣಜ ಇರುವುದು ನಿಜ, ಆದರೆ ಅದನ್ನು ಅಲ್ಲಿ ಸಾಯಿಸಿದವರು ಯಾರೂ ಇಲ್ಲ. ಮರ ಮತ್ತು ಕೀಟದ ನಡುವಿನ ಆ ಒಡಂಬಡಿಕೆ ಮನುಷ್ಯನಿಗಿಂತ ಹಳೆಯದು. ಹುಳು ಕಂಡರೆ ಹೇಸಿ ಬಿಡುವುದು ಅವರವರ ಇಷ್ಟ, ಅದನ್ನು ಅಹಿಂಸೆಯ ನಿಯಮವಾಗಿಸುವುದು ಸಲ್ಲದು.

ಸಿಹಿಯ ವಿಷಯಕ್ಕೆ ಬಂದರೆ ಅನುಮಾನಕ್ಕೆ ಸ್ವಲ್ಪ ಜಾಗವಿದೆ. ಸಕ್ಕರೆಯನ್ನು ಎಲುಬಿನ ಇದ್ದಿಲಿನಲ್ಲಿ ಸೋಸುವ ಪದ್ಧತಿ ಅಮೆರಿಕದ ಕೆಲವು ಕಾರ್ಖಾನೆಗಳದ್ದು. ನಮ್ಮ ಹೆಚ್ಚಿನ ಸಕ್ಕರೆ ಕಾರ್ಖಾನೆಗಳು ಕಬ್ಬಿನ ಹಾಲನ್ನು ಸುಣ್ಣ ಮತ್ತು ಗಂಧಕದ ಹೊಗೆಯಿಂದ ಶುದ್ಧಗೊಳಿಸುತ್ತವೆ. ಬೆಲ್ಲದ ಗಾಣದಲ್ಲಿ ಮಡ್ಡಿ ತೆಗೆಯಲು ಸುಣ್ಣ, ಬೆಂಡೆ ಗಿಡದ ಲೋಳೆ ಬಳಸುತ್ತಾರೆ. ಎರಡೂ ಸಲ್ಲುತ್ತವೆ. ಒಣದ್ರಾಕ್ಷಿಯ ಕತೆ ತುಸು ಬೇರೆ. ಬೇಗ ಒಣಗಲೆಂದು ದ್ರಾಕ್ಷಿಯನ್ನು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಬೆರೆಸಿದ ನೀರಿನಲ್ಲಿ ಅದ್ದಿ ತೆಗೆಯುತ್ತಾರೆ. ಆ ಎಣ್ಣೆಯಲ್ಲಿರುವ ಈಥೈಲ್ ಓಲಿಯೇಟನ್ನು ಸಸ್ಯದ ಎಣ್ಣೆಯಿಂದಲೂ ಮಾಡಬಹುದು, ಪ್ರಾಣಿಯ ಕೊಬ್ಬಿನಿಂದಲೂ ಮಾಡಬಹುದು. ದ್ರಾಕ್ಷಿಯೇ ಬದುಕಾದ ಜಿಲ್ಲೆಯಲ್ಲಿ ಈ ಪ್ರಶ್ನೆ ಕೇಳಲೇಬೇಕು. ಎಣ್ಣೆ ತಯಾರಿಸುವವರು ಡಬ್ಬಿಯ ಮೇಲೆ ಮೂಲ ಬರೆದರೆ ಸಂಶಯ ಅಲ್ಲಿಗೇ ಮುಗಿಯುತ್ತದೆ.

ಹೀಗೆ ನೋಡುತ್ತ ಹೋದರೆ ಅನುಮಾನ ಪಡಬೇಕಾದ ಜಾಗ ಅಡುಗೆಮನೆಯ ಡಬ್ಬಿಯಲ್ಲಿಲ್ಲ, ಕಿರಾಣಿ ಅಂಗಡಿಯ ಪೊಟ್ಟಣದಲ್ಲಿದೆ. ಹಸಿರು ಚುಕ್ಕೆ ಕಂಡ ಕೂಡಲೇ ವೀಗನ್ ಎಂದುಕೊಳ್ಳುವಂತಿಲ್ಲ. ಹಾಲು, ಜೇನುತುಪ್ಪ, ಜೇನುಮೇಣ, ಅರಗಿನ ಹುಳದಿಂದ ಬರುವ ಶೆಲಾಕ್, ಎಲ್ಲಕ್ಕೂ ಹಸಿರು ಚುಕ್ಕೆಯಡಿ ಅವಕಾಶವಿದೆ. ಬಿಸ್ಕತ್ತಿನಲ್ಲಿ ಹಾಲಿನ ಪುಡಿ, ಮಿಠಾಯಿಯ ಹೊಳಪಿಗೆ ಶೆಲಾಕ್ ಇರಬಹುದು. ರೊಟ್ಟಿಯನ್ನು ಕಟಕಟೆಗೆ ಹತ್ತಿಸಿ ಬಿಸ್ಕತ್ತನ್ನು ಕೇಳದೆ ಬಿಡುವುದು ಅನ್ಯಾಯ.

ಈ ಊಟ ಪೌಷ್ಟಿಕವಾಗಿಯೂ ಗಟ್ಟಿ. ಜೋಳದಲ್ಲಿ ಕೊರತೆಯಿರುವ ಲೈಸಿನ್ ತೊಗರಿ, ಮಡಕಿಯಲ್ಲಿದೆ. ಸಜ್ಜಿ ಮತ್ತು ಸೊಪ್ಪಿನ ಕಬ್ಬಿಣಾಂಶವನ್ನು ದೇಹ ಹೀರಿಕೊಳ್ಳಲು ಲಿಂಬೆಯ ಹುಳಿ ನೆರವಾಗುತ್ತದೆ. ಆದರೆ ಒಂದು ಕೊರತೆಯನ್ನು ಮುಚ್ಚಿಡಬಾರದು. ಹಾಲು, ಮೊಸರು ಪೂರ್ತಿ ಬಿಟ್ಟವರಿಗೆ ಬಿ12 ಜೀವಸತ್ವ ಊಟದಿಂದ ಸಿಗುವುದಿಲ್ಲ. ಅದರ ಕೊರತೆ ರಕ್ತವನ್ನೂ ನರಗಳನ್ನೂ ಕೆಡಿಸುತ್ತದೆ. ಬ್ಯಾಕ್ಟೀರಿಯಾದಿಂದ ತಯಾರಿಸುವ ಬಿ12 ಮಾತ್ರೆ ತತ್ವಕ್ಕೆ ವಿರುದ್ಧವಲ್ಲ, ಅದನ್ನು ತೆಗೆದುಕೊಳ್ಳಲೇಬೇಕು. ಕ್ಯಾಪ್ಸೂಲಿನ ಹೊದಿಕೆ ಜೆಲಾಟಿನ್ ಹೌದೋ ಅಲ್ಲವೋ ನೋಡಿಕೊಂಡರೆ ಸಾಕು. ಗರ್ಭಿಣಿಯರು, ಮಕ್ಕಳು ವೈದ್ಯರನ್ನು ಕೇಳದೆ ಈ ದಾರಿ ಹಿಡಿಯಬಾರದು.

ಬಸವನ ಬಾಗೇವಾಡಿ ಬಸವಣ್ಣನ ಹುಟ್ಟೂರು. ಬಲಿಗೆ ತಂದ ಪ್ರಾಣಿಗೂ ನೋವಿದೆ ಎಂದು ಶರಣರು ಹನ್ನೆರಡನೆಯ ಶತಮಾನದಲ್ಲೇ ಹೇಳಿದ ನಾಡಿದು. ದಯೆಯ ಆ ವಿಚಾರವನ್ನು ಹಾಲಿನವರೆಗೆ ವಿಸ್ತರಿಸಲು ಹೊರಟವರ ಬಗ್ಗೆ ನನಗೆ ಗೌರವವಿದೆ. ಒಂದೆರಡು ಎಮ್ಮೆಯ ಹಾಲು ಮಾರಿ ಮಕ್ಕಳ ಫೀ ಕಟ್ಟುವ ಮನೆಗೆ ಹೋಗಿ ಇದೇ ಧರ್ಮವೆಂದು ಹೇರುವ ಹಕ್ಕು ಮಾತ್ರ ಯಾರಿಗೂ ಇಲ್ಲ. ಆಯ್ಕೆ ಉಳ್ಳವರು ತಮ್ಮ ಆಯ್ಕೆಯನ್ನು ಬಿಗಿ ಮಾಡಿಕೊಳ್ಳಲಿ: ತುಪ್ಪದ ಬದಲು ಶೇಂಗಾ ಎಣ್ಣೆ, ಬಾದಾಮಿ ಹಾಲಿನ ಬದಲು ಕುಸುಬಿ ಹಾಲು, ಜೇನಿನ ಬದಲು ಬೆಲ್ಲ. ಜೋಳ, ಲಿಂಬೆ, ಅಂಜೂರಗಳನ್ನು ಶಂಕಿಸಿ ಊಟದ ತಾಟನ್ನು ಬರಿದು ಮಾಡಿದರೆ ಒಂದು ಪ್ರಾಣಿಯೂ ಬದುಕಿಕೊಳ್ಳುವುದಿಲ್ಲ. ಪ್ರಾಣಿಗೆ ನಿಜವಾಗಿ ನೋವಾಗುವ ಕಡೆ, ನಮಗೆ ನಿಜವಾಗಿ ಆಯ್ಕೆ ಇರುವ ಕಡೆ ಗೆರೆ ಎಳೆದರೆ ಈ ಪದ್ಧತಿ ಉತ್ತರ ಕರ್ನಾಟಕದ ಮನೆಗಳಲ್ಲಿ ಬೇರೂರಬಲ್ಲದು. ಅದಕ್ಕೆ ಬೇಕಾದ ಅಡುಗೆಯ ಮುಕ್ಕಾಲು ಪಾಲು ಇಲ್ಲಿ ಆಗಲೇ ಇದೆ.