ಪಿನ್ನಿನಲ್ಲಿ ಕಳೆದುಹೋದ ಹಾಡು

ಜಾತ್ರೆಗಳು ಶುರುವಾಗಿವೆ, ಅಣ್ಣಿಗೇರಿಯಿಂದ ಕಲಘಟಗಿಯವರೆಗೆ ಮೈಕ್‌ಸೆಟ್ ಹುಡುಗರು ಕೇಳುವುದು ಒಂದೇ: ‘ಸರ, ಮೊಬೈಲಿಗೆ ಯಾವ ಪಿನ್ ಹಾಕೂಣ್ರಿ?’

ಅಂಗಡಿಯಲ್ಲಿ ಕಾಲಿಂಚಿನ ದೊಡ್ಡ ಜಾಕು ‘ಪಿ-38’, ಮೊಬೈಲಿನ ಸಣ್ಣದು ‘ಇಪಿ’, ಮೂರು ಕಡ್ಡಿಯ ಎಕ್ಸ್‌ಎಲ್‌ಆರ್ ‘ಕ್ಯಾನನ್’. ಕ್ಯಾಮೆರಾ ಕಂಪನಿಗೂ ಇದಕ್ಕೂ ಸಂಬಂಧವಿಲ್ಲ, ಇದು ಜೇಮ್ಸ್ ಕ್ಯಾನನ್ 1915ರಲ್ಲಿ ಲಾಸ್ ಏಂಜಲೀಸಿನಲ್ಲಿ ಕಟ್ಟಿದ ಕಂಪನಿಯ ಹೆಸರು. ಇರಲಿ, ಕರೆಯುವವರು ಏನಾದರೂ ಕರೆಯಲಿ. ನನ್ನ ತಕರಾರು ‘ಸ್ಟೀರಿಯೋ ಪಿನ್’ ಮೇಲೆ.

ಜಾಕಿನ ಮೇಲೆ ಎರಡು ಕರಿ ಗೆರೆ ಕಂಡರೆ ಸಾಕು, ಸ್ಟೀರಿಯೋ ಅಂದುಬಿಡುತ್ತಾರೆ. ಅದರೊಳಗೆ ಎಡ-ಬಲ ಎಂದು ಎರಡು ಬೇರೆ ದನಿ ಹರಿಯಬಹುದು. ಇಲ್ಲವೇ ಒಂದೇ ದನಿ ಒಂದು ತಂತಿಯಲ್ಲಿ ನೆಟ್ಟಗೆ, ಇನ್ನೊಂದರಲ್ಲಿ ಉಲ್ಟಾ ಹರಿಯಬಹುದು. ಎರಡನೆಯದು ಬ್ಯಾಲೆನ್ಸ್ಡ್. ಮಿಕ್ಸರು ಒಂದರಿಂದ ಇನ್ನೊಂದನ್ನು ಕಳೆದಾಗ, ದಾರಿಯಲ್ಲಿ ಎರಡೂ ತಂತಿಗೆ ಸಮನಾಗಿ ಅಂಟಿಕೊಂಡ ಕರೆಂಟಿನ ಗುಂಯ್‌ ಅಳಿದು ಹಾಡು ಉಳಿಯುತ್ತದೆ.

ಈಗ ಇಪಿಯಿಂದ ಕ್ಯಾನನ್‌ಗೆ ಬರುವ ರೆಡಿಮೇಡ್ ಕೇಬಲನ್ನು ಮೊಬೈಲಿಗೆ ಸಿಕ್ಕಿಸಿ. ಮಿಕ್ಸರಿಗೆ ಏನು ಗೊತ್ತು? ಅದು ಎಡದಿಂದ ಬಲವನ್ನು ಕಳೆಯುತ್ತದೆ. ಸಿನಿಮಾ ಹಾಡಾದರೆ ನಡುವಿನಲ್ಲಿರುವ ಗಾಯಕ ಮಾಯ, ಅಕ್ಕಪಕ್ಕದ ವಾದ್ಯಗಳು ಮಾತ್ರ ಕೇಳುತ್ತವೆ. ಹಿಂದೂಸ್ತಾನಿ ಗಾಯಕಿ ಗಂಗೂಬಾಯಿ ಹಾನಗಲ್ಲರ ಹಳೇ 78 ಆರ್‌ಪಿಎಂ ತಟ್ಟೆಯಿಂದ ಇಳಿಸಿದ ಹಾಡಾದರೆ ಎರಡೂ ಕಡೆ ಅದೇ ಇರುವುದರಿಂದ ಪೂರಾ ಸೊನ್ನೆ! ಹುಡುಗ ವಾಲ್ಯೂಮ್ ಏರಿಸುತ್ತಾನೆ, ಆಂಪ್ಲಿಫೈಯರ್ ಬದಲಿಸುತ್ತಾನೆ, ಕೊನೆಗೆ ಮೊಬೈಲಿಗೇ ಬೈಯುತ್ತಾನೆ. ಬೇಕಾದದ್ದು ಒಂದು ಇಪಿಯಿಂದ ಎರಡು ಮೋನೊ ಪಿ-38ಕ್ಕೆ ಕವಲೊಡೆಯುವ ಕೇಬಲ್, ಮಿಕ್ಸರಿನಲ್ಲಿ ಎರಡು ಚಾನೆಲ್. ಕ್ಯಾನನ್ನೇ ಬೇಕೆಂದರೆ ನಡುವೆ ದನಿಯನ್ನು ಬ್ಯಾಲೆನ್ಸ್ಡ್ ಮಾಡಿಕೊಡುವ ಡಿಐ ಬಾಕ್ಸ್ ಇಡಿ. ಕ್ಯಾನನ್‌ಗೆ ನೇರ ಹಾಕುವವರು ಮೈಕಿಗೆ ಕರೆಂಟು ಕಳಿಸುವ 48 ವೋಲ್ಟಿನ ಗುಂಡಿ ಆರಿದೆಯೇ ಎಂದಾದರೂ ನೋಡಿಕೊಳ್ಳಲಿ.

ಆಮ್ಲಜನಕ ತೆಗೆದ ತಾಮ್ರ, ಬಂಗಾರದ ಲೇಪ ಎಂದು ಮೀಟರಿಗೆ ಸಾವಿರಾರು ಸುರಿಯುವ ಪೇಟೆಯ ಹೈ-ಫೈ ಪಂಥದವರು ಇದನ್ನೋದಿ ಮೂಗು ಮುರಿಯುತ್ತಾರೆ. ಮುರಿಯಲಿ. ಬಂಗಾರಕ್ಕೆ ಕಿಲುಬು ಹಿಡಿಯದು, ಅದರಾಚೆ ಅದು ಹಾಡುವುದಿಲ್ಲ. ಐದಡಿ ಕೇಬಲ್ಲಿನಲ್ಲಿ ಅವರು ಹುಡುಕುವ ವ್ಯತ್ಯಾಸಕ್ಕಿಂತ ಒಂದು ಹಸಿ ಬೆಸುಗೆಯ ಕೊರಕೊರ ದೊಡ್ಡದು.

ಗಂಗೂಬಾಯಿ ಹೆಸರು ಬಂತಲ್ಲ, ಜಾಕಿನ ಪುರಾಣ ಸಾಕು. ಹುಬ್ಬಳ್ಳಿಯಿಂದ ರೈಲು ಹತ್ತಿ ಕುಂದಗೋಳಕ್ಕೆ ಸವಾಯಿ ಗಂಧರ್ವರ ಹತ್ತಿರ ಪಾಠಕ್ಕೆ ಹೋಗುತ್ತಿದ್ದವರು ಅವರು. ಆ ಗುರುವಿನ ನೆನಪಿನ ಸಂಗೀತೋತ್ಸವ ನಡೆಯುವ ನಾಡಿಗೇರ ವಾಡೆಯಂಥ ಜಾಗದಲ್ಲಿ ಮೈಕ್‌ಸೆಟ್ಟಿನವರಿಗೆ ಕೆಲಸ ಕಡಿಮೆಯೇ ಇರಬೇಕು. ಹಾಡುವವರ ಮುಂದೊಂದು ಮೈಕು, ತಬಲಾಕ್ಕೊಂದು, ಹಾರ್ಮೋನಿಯಂಗೊಂದು. ಹಿಂದೆ ಕೂತ ತಂಬೂರಿ ಗಾಯಕರ ಮೈಕಿಗೆ ತಾನಾಗಿಯೇ ಸಿಗುತ್ತದೆ, ಅದಕ್ಕೆ ಬೇರೆ ಮೈಕು ಯಾಕೆ? ಬಾಸ್ ಗುಂಡಿಯನ್ನಂತೂ ಮುಟ್ಟಲೇಬೇಡಿ.