ಹೋಸ್ಟ್ಸ್ ಫೈಲ್ ಹಾಕಿದ್ರೆ ನೆಟ್ ಫಾಸ್ಟ್ ಆಗುತ್ತಾ?

"ಅಣ್ಣಾ, ಅದೇನೋ ಫೈಲ್ ಹಾಕಿದ್ರೆ ಜಾಹೀರಾತು ಬರಲ್ವಂತೆ, ನೆಟ್ ಫಾಸ್ಟ್ ಆಗುತ್ತಂತೆ. ನಮ್ಮನೆ ಲ್ಯಾಪ್‌ಟಾಪಿಗೂ ಹಾಕಿಕೊಡು" ಅಂದಳು ತಂಗಿ. ಊರಲ್ಲಿ ನೆಟ್ ಅಂದ್ರೆ ಕಿಟಕಿ ಮೇಲಿಟ್ಟ ಮೊಬೈಲಿನ ಹಾಟ್‌ಸ್ಪಾಟ್. ಹಾಕಿಕೊಟ್ಟೆ.

ಹೋಸ್ಟ್ಸ್ ಫೈಲ್ ಹೊಸ ಸರಕಲ್ಲ. ಅರ್ಪಾನೆಟ್ ಕಾಲದಲ್ಲಿ ಯಾವ ಹೆಸರಿನ ಕಂಪ್ಯೂಟರಿಗೆ ಯಾವ ವಿಳಾಸ ಅನ್ನೋ ಪಟ್ಟಿ ಒಂದೇ ಫೈಲಿನಲ್ಲಿತ್ತು. ಎಲ್ಲರೂ ಅದನ್ನೇ ಇಳಿಸಿಕೊಳ್ಳುತ್ತಿದ್ದರು. ಅದು ಸಾಲದಾದಾಗ 1983ರಲ್ಲಿ ಪಾಲ್ ಮೊಕಪೆಟ್ರಿಸ್ ಡಿಎನ್‌ಎಸ್ ರೂಪಿಸಿದರು. ಆದರೂ ಹಳೇ ಫೈಲ್ ಪ್ರತಿ ಕಂಪ್ಯೂಟರಿನಲ್ಲೂ ಉಳಿಯಿತು. ಸಾಮಾನ್ಯವಾಗಿ ಡಿಎನ್‌ಎಸ್ ಕೇಳುವ ಮೊದಲು ಕಂಪ್ಯೂಟರ್ ಇದನ್ನೇ ನೋಡುತ್ತದೆ. ಜಾಹೀರಾತು ಸರ್ವರಿನ ಹೆಸರಿನ ಮುಂದೆ 0.0.0.0 ಅಂತ ಬರೆದುಬಿಟ್ಟರೆ ಬ್ರೌಸರಿಗೆ ಆ ಮನೆಯ ದಾರಿಯೇ ಸಿಗಲ್ಲ.

ಇದರ ಬಗ್ಗೆ ಎರಡು ಪಂಗಡಗಳಿವೆ. "ನೆಟ್ ರಾಕೆಟ್ ಆಗುತ್ತೆ" ಅನ್ನೋರು ಒಂದು ಕಡೆ. "ಲಕ್ಷ ಸಾಲಿನ ಫೈಲ್ ಹುಡುಕೋದಕ್ಕೇ ಹೊತ್ತು ಹೋಗುತ್ತೆ" ಅನ್ನೋರು ಇನ್ನೊಂದು ಕಡೆ. ನನ್ನ ಪ್ರಕಾರ ಇಬ್ಬರದ್ದೂ ಅರ್ಧ ಸತ್ಯ.

ಎರಡನೆಯವರದ್ದನ್ನೇ ಮೊದಲು ನೋಡೋಣ. ಲಿನಕ್ಸ್ ಪ್ರತಿ ಹೆಸರಿಗೂ ಫೈಲನ್ನು ಮೇಲಿಂದ ಸಾಲುಸಾಲಾಗಿ ಓದುತ್ತದೆ, ನಿಜ. ಆದರೆ ಒಂದು ಸಾಲಿಗೆ 30 ಬೈಟ್ ಹಿಡಿದರೂ ಲಕ್ಷ ಸಾಲಿಗೆ 3 ಎಂಬಿ. ಒಮ್ಮೆ ಓದಿದ್ದು ಮೆಮೊರಿಯಲ್ಲೇ ಇರುತ್ತೆ, ಹುಡುಕೋಕೆ ಹಿಡಿಯೋದು ಮಿಲಿಸೆಕೆಂಡುಗಳ ಲೆಕ್ಕ. ಹಳೇ ವಿಂಡೋಸ್‌ಗಳಲ್ಲಿ ಮಾತ್ರ ಡಿಎನ್‌ಎಸ್ ಕ್ಲೈಂಟ್ ಅನ್ನೋ ಸೇವೆ ಇಂಥ ದೊಡ್ಡ ಫೈಲ್ ನುಂಗೋಕೆ ಒದ್ದಾಡುತ್ತಿತ್ತು. ಅದನ್ನು ಆಫ್ ಮಾಡಿ ಅನ್ನೋ ಸಲಹೆ ಹುಟ್ಟಿದ್ದೇ ಹಾಗೆ.

ಇನ್ನು ರಾಕೆಟ್ ಪಂಗಡ. ಫೈಲ್ ಹಾಕುವ ಮೊದಲೂ ಆಮೇಲೂ ಸ್ಪೀಡ್ ಟೆಸ್ಟ್ ಮಾಡಿ ನೋಡಿ, ಅಂಕಿ ಅಷ್ಟೇ ಇರುತ್ತೆ. ರಸ್ತೆ ಅದೇ, ಗಾಡಿಯ ಹೊರೆ ಇಳಿದಿದೆ ಅಷ್ಟೇ. ಒಂದು ಜಾಹೀರಾತು ಅಂದ್ರೆ ಒಂದು ಚಿತ್ರವಲ್ಲ. ಹೆಸರು ಹುಡುಕಬೇಕು, ಸಂಪರ್ಕ ಕಟ್ಟಬೇಕು, ಸ್ಕ್ರಿಪ್ಟ್ ಇಳಿಸಬೇಕು, ಆ ಸ್ಕ್ರಿಪ್ಟ್ ಇನ್ನೂ ನಾಲ್ಕು ಸರ್ವರುಗಳನ್ನು ಕರೆಯುತ್ತೆ. ಹೋಗಿಬರೋದಕ್ಕೇ ನೂರಾರು ಮಿಲಿಸೆಕೆಂಡ್ ಹಿಡಿಯುವ ಊರಿನ ಸಿಗ್ನಲ್ಲಿನಲ್ಲಿ ಇದೆಲ್ಲ ತಪ್ಪಿದರೆ ಪೇಜ್ ನಿಜಕ್ಕೂ ಬೇಗ ತೆರೆಯುತ್ತೆ, ಡೇಟಾನೂ ಉಳಿಯುತ್ತೆ. ಬೆಂಗಳೂರಿನ ನನ್ನ ಫೈಬರಿನಲ್ಲಿ ಈ ವ್ಯತ್ಯಾಸ ಅಷ್ಟಾಗಿ ಗೊತ್ತಾಗಲ್ಲ. ಯೂಟ್ಯೂಬಿಗಂತೂ ಇದು ನಾಟೋದೇ ಇಲ್ಲ, ವಿಡಿಯೋ ಬರೋ ಹೆಸರಿನಿಂದಲೇ ಜಾಹೀರಾತೂ ಬರುತ್ತೆ.

ಇಷ್ಟರಲ್ಲೇ ನಿಲ್ಲಿಸಿದ್ದರೆ ನಾನೂ ರಾಕೆಟ್ ಪಂಗಡಕ್ಕೇ ಓಟು ಹಾಕ್ತಿದ್ದೆ. ಆದರೆ ತಿಂಗಳಾದ ಮೇಲೆ ಒಂದು ಸಂಜೆ ತಂಗಿಯ ಫೋನ್. ಒಂದು ಪರೀಕ್ಷೆಗೆ ಅರ್ಜಿ ಹಾಕ್ತಿದ್ದಾಳೆ, ಅವತ್ತೇ ಕೊನೇ ದಿನ, ಹಣ ಕಟ್ಟೋ ಬಟನ್ ಒತ್ತಿದರೆ ಏನೂ ಆಗ್ತಿಲ್ಲ. ಸಿಗ್ನಲ್ ಇಲ್ಲ ಅಂದುಕೊಂಡು ಫೋನ್ ಹಿಡಿದು ಮಹಡಿ ಹತ್ತಿ ಇಳಿದಿದ್ದಾಳೆ ಪಾಪ. ಎರಡು ತಾಸು ತಡಕಾಡಿದ ಮೇಲೆ ನನಗೆ ಹೊಳೆಯಿತು. ಆ ಪೇಜಿಗೆ ಬೇಕಾದ ಒಂದು ಸ್ಕ್ರಿಪ್ಟಿನ ಹೆಸರು ನಾನು ಹಾಕಿಕೊಟ್ಟ ಪಟ್ಟಿಯಲ್ಲಿತ್ತು. ಫೋನಿನಲ್ಲೇ ಹೇಳಿಕೊಟ್ಟು ಆ ಸಾಲು ಅಳಿಸಿಸುವಷ್ಟರಲ್ಲಿ ರಾತ್ರಿ ಹನ್ನೊಂದಾಗಿತ್ತು. ಅರ್ಜಿ ಹೋಯಿತು, ಸದ್ಯ.

ಹೋಸ್ಟ್ಸ್ ಫೈಲಿಗೆ ಕಾಣೋದು ಹೆಸರು ಮಾತ್ರ. ಆ ಹೆಸರಿನಿಂದ ಬರ್ತಿರೋದು ಜಾಹೀರಾತೋ ಕೆಲಸದ ಸ್ಕ್ರಿಪ್ಟೋ ಅದಕ್ಕೆ ಗೊತ್ತಾಗಲ್ಲ. ಏನೋ ತಡೆದೆ ಅಂತ ನಮಗೆ ಹೇಳೋದೂ ಇಲ್ಲ. ಯುಬ್ಲಾಕ್ ಒರಿಜಿನ್ ಥರದ ಬ್ರೌಸರ್ ಎಕ್ಸ್‌ಟೆನ್ಷನ್ ಪೂರ್ತಿ ವಿಳಾಸ ನೋಡಿ ತಡೆಯುತ್ತೆ. ಒಂದು ಸೈಟಿಗೆ ಮಾತ್ರ ಬೇಡ ಅಂದ್ರೆ ಒಂದು ಕ್ಲಿಕ್ ಸಾಕು. ಹೋಸ್ಟ್ಸ್ ಫೈಲ್ ತಿದ್ದೋಕೆ ಅಡ್ಮಿನ್ ಅನುಮತಿ ಬೇಕು, ಜೊತೆಗೆ ನನ್ನಂಥವನೊಬ್ಬ ಫೋನಿನಲ್ಲಿ ಸಿಗಬೇಕು.

ಮುಂದಿನ ಸಲ ಊರಿಗೆ ಹೋದಾಗ ಫೈಲ್ ತೆಗೆದು ಫೈರ್‌ಫಾಕ್ಸಿಗೆ ಎಕ್ಸ್‌ಟೆನ್ಷನ್ ಹಾಕಿದೆ, ಎಲ್ಲಿ ಒತ್ತಿದರೆ ಆಫ್ ಆಗುತ್ತೆ ಅಂತ ತಂಗಿಗೆ ತೋರಿಸಿದೆ. ಪೇಜ್ ತೆರೆಯೋಕೆ ಎಷ್ಟು ಸೆಕೆಂಡ್ ಉಳಿಯಿತು ಅಂತ ಅಳೆಯೋ ನಾವು, ಕೆಟ್ಟಾಗ ಸರಿಮಾಡೋಕೆ ಎಷ್ಟು ಹೊತ್ತು ಹೋಯಿತು ಅನ್ನೋದನ್ನೂ ಆ ಲೆಕ್ಕಕ್ಕೇ ಸೇರಿಸಬೇಕು.